ಮಡಿಕೆ ಬೀಳದ ನಕ್ಷೆ

ಪಿಎಚ್‌ಡಿ ಮಾಡುತ್ತಲೇ ಹೊಟ್ಟೆಪಾಡಿಗೆಂದು ವಾರಕ್ಕೆ ಎರಡು ದಿನ ಪದವಿ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ಕಳೆದ ನವೆಂಬರ್‌ನಲ್ಲಿ ಆಕರಗಳ ಬಗ್ಗೆ, ಅಂದರೆ ಯಾವ ದಾಖಲೆಯನ್ನು ಎಷ್ಟು ನಂಬಬೇಕು ಎಂಬುದರ ಬಗ್ಗೆ ಮಾತಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಮುಂಬೈ ದಾಳಿ ಎಲ್ಲಾ ಮೊದಲೇ ಬರೆದಿಟ್ಟ ನಾಟಕ ಅಂತೆ. ಕಸಬ್‌ನ ಮೊದಲೇ ಹಿಡಿದಿಟ್ಟುಕೊಂಡಿದ್ರಂತೆ, ಹೌದಾ?" ಅವನು ಕೂರುವ ಮೊದಲೇ ಇನ್ನೊಬ್ಬ, "ಏ ಸುಮ್ನಿರೋ, ಅವನಿಗೆ ಕೋರ್ಟು ವಕೀಲರು ಕೊಟ್ಟಿದ್ದೇ ತಪ್ಪು, ಅಲ್ಲೇ ಗುಂಡಿಟ್ಟು ಮುಗಿಸಬೇಕಿತ್ತು" ಎಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಉತ್ತರವೂ ಹೊಳೆಯಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

2008ರ ನವೆಂಬರ್ 26ರ ರಾತ್ರಿ ನಾನು ಆರನೇ ತರಗತಿ. ಮಾರನೇ ದಿನ ಶಾಲೆಯಿಂದ ಬಂದಾಗ ಅಪ್ಪ ಟಿವಿ ಮುಂದೆ ಕೂತಲ್ಲಿಂದ ಏಳದೇ ಇದ್ದದ್ದು ನೆನಪಿದೆ. ಆಮೇಲೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಪಾರ್ಥಿವ ಶರೀರ ಬೆಂಗಳೂರಿಗೆ ಬಂದದ್ದು, ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನೆನಪಿದೆ. ಆದರೆ ಮುಂದಿನ ನಾಲ್ಕು ವರ್ಷ ನ್ಯಾಯಾಲಯಗಳಲ್ಲಿ ಏನು ನಡೆಯಿತು ಎಂಬುದರ ಒಂದು ಚಿತ್ರವೂ ನನ್ನ ತಲೆಯಲ್ಲಿರಲಿಲ್ಲ. ಇದ್ದದ್ದು ಎರಡೇ: ಬಿರಿಯಾನಿ ಮತ್ತು ಗಲ್ಲು. ಆ ಬಿರಿಯಾನಿಯ ಕತೆಗೆ ಆಮೇಲೆ ಬರುತ್ತೇನೆ.

ಆ ವಾರ ಸುಪ್ರೀಂ ಕೋರ್ಟಿನ 2012ರ ಆಗಸ್ಟ್ 29ರ ತೀರ್ಪನ್ನು ಇಳಿಸಿಕೊಂಡು ಓದಲು ಕೂತೆ. ನ್ಯಾಯಮೂರ್ತಿ ಅಫ್ತಾಬ್ ಆಲಂ ಮತ್ತು ಸಿ.ಕೆ. ಪ್ರಸಾದ್ ಅವರ ಪೀಠದ್ದು. ನೂರಾರು ಪುಟ. ಕೊಲೆಗಳ ವಿವರ ಓದುತ್ತಾ ಎರಡು ಸಲ ಮುಚ್ಚಿಟ್ಟೆ. ಮೂರನೇ ಸಲ ಮಾತ್ರ ಕಡೆಯವರೆಗೂ ಓದಿದೆ.

ಹುಡುಗನ ಪ್ರಶ್ನೆ ಎಲ್ಲಿಂದ ಬಂತು ಎಂಬುದು ಮೊದಲು ಗೊತ್ತಾಯಿತು. ಅದು ಮೊಬೈಲಿನಲ್ಲಿ ಹುಟ್ಟಿದ್ದಲ್ಲ, ಕಟಕಟೆಯಲ್ಲಿ ಹುಟ್ಟಿದ್ದು. 2009ರ ಡಿಸೆಂಬರ್ 18ರಂದು, ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಆರೋಪಿಗೆ ನ್ಯಾಯಾಧೀಶರೇ ಪ್ರಶ್ನೆ ಕೇಳುವ ಹಂತದಲ್ಲಿ, ಅಜ್ಮಲ್ ಕಸಬ್ ತಾನು ದಾಳಿಗೆ ಬಂದವನೇ ಅಲ್ಲ ಎಂದ. ಸಿನಿಮಾ ಆಸೆಯಿಂದ ಮುಂಬೈಗೆ ಬಂದಿದ್ದೆ, ದಾಳಿಗೆ ಸುಮಾರು 20 ದಿನ ಮೊದಲೇ ಜುಹು ಕಡಲತೀರದಲ್ಲಿ ಪೊಲೀಸರು ಹಿಡಿದರು, ಆ ರಾತ್ರಿ ಹೊರಗೆ ತಂದು ಗುಂಡು ಹೊಡೆದು ಈ ಕೇಸಿನಲ್ಲಿ ಸಿಕ್ಕಿಸಿದರು ಎಂಬುದು ಅವನ ಹೇಳಿಕೆ. ಹಿಂದೆ ಅವನು ಹೇಳಿದ್ದೇ ಬೇರೆ. ಆ ವರ್ಷದ ಫೆಬ್ರುವರಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ದೀರ್ಘ ತಪ್ಪೊಪ್ಪಿಗೆ ಬರೆಸಿದ್ದ. ಏಪ್ರಿಲ್‌ನಲ್ಲಿ ಅದನ್ನು ಹಿಂತೆಗೆದುಕೊಂಡ. ಜುಲೈ 20ರಂದು, ನೂರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ಆಗಿದ್ದಾಗ, ಇದ್ದಕ್ಕಿದ್ದಂತೆ ಎದ್ದು ನಿಂತು ತಪ್ಪು ಒಪ್ಪಿಕೊಂಡ. ಡಿಸೆಂಬರ್‌ನಲ್ಲಿ ಎಲ್ಲವನ್ನೂ ಅಲ್ಲಗಳೆದ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜುಲೈ ತಿಂಗಳ ಘಟನೆ. ಆರೋಪಿಯೇ "ನಾನೇ ಮಾಡಿದ್ದು" ಎಂದ ಮೇಲೆ ಇನ್ನೇನು? ಅಷ್ಟಕ್ಕೇ ಮುಗಿಸಿ ಶಿಕ್ಷೆ ಕೊಡಬಹುದಿತ್ತು. ದೇಶವೂ ಅದನ್ನೇ ಬಯಸಿತ್ತು. ಆದರೆ ವಿಶೇಷ ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ಮೂರು ದಿನ ಯೋಚಿಸಿ, ಒಪ್ಪಿಗೆಯನ್ನು ದಾಖಲೆಯಲ್ಲಿಟ್ಟು ವಿಚಾರಣೆಯನ್ನು ಮುಂದುವರಿಸಿದರು. ಅವನು ಒಪ್ಪಿಕೊಂಡದ್ದು ಅರೆಬರೆ. ಹೆಚ್ಚಿನ ಕೊಲೆಗಳನ್ನು ಸತ್ತುಹೋಗಿದ್ದ ಜೊತೆಗಾರ ಅಬು ಇಸ್ಮಾಯಿಲ್‌ನ ತಲೆಗೆ ಕಟ್ಟಿದ್ದ.

ಈ ನಿರ್ಧಾರದ ಬೆಲೆ ಗೊತ್ತಾಗಬೇಕಾದರೆ ಹಾಗೆ ಮಾಡದ ಇನ್ನೊಂದು ದೇಶವನ್ನು ನೋಡಬೇಕು. 1996ರ ಏಪ್ರಿಲ್ 28ರಂದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪೋರ್ಟ್ ಆರ್ಥರ್‌ನಲ್ಲಿ ಮಾರ್ಟಿನ್ ಬ್ರಯಂಟ್ ಎಂಬಾತ ಗುಂಡು ಹಾರಿಸಿ 35 ಜನರನ್ನು ಕೊಂದ. ಅದು ಹಿಂದೆ ಬ್ರಿಟಿಷ್ ಕೈದಿಗಳನ್ನು ಇಟ್ಟಿದ್ದ ಜಾಗ, ಈಗ ಪ್ರವಾಸಿ ತಾಣ. ಸೆಪ್ಟೆಂಬರ್ ಕೊನೆಯಲ್ಲಿ ಅವನು ತಪ್ಪು ಒಪ್ಪಲಿಲ್ಲ. ಅವನ ವಕೀಲ ಹಿಂದೆ ಸರಿದರು, ಬೇರೆಯವರು ಬಂದರು. ನವೆಂಬರ್ 7ರಂದು ಎಲ್ಲ ಆರೋಪಗಳನ್ನೂ ಒಪ್ಪಿಕೊಂಡ. ಪ್ರಾಸಿಕ್ಯೂಟರ್ ನಡೆದದ್ದನ್ನೆಲ್ಲ ನ್ಯಾಯಾಲಯದಲ್ಲಿ ವಿವರಿಸಿದರು, ಆದರೆ ಒಬ್ಬ ಸಾಕ್ಷಿಗೂ ಪಾಟೀಸವಾಲು ಆಗಲಿಲ್ಲ. ತೀರಿಕೊಂಡವರ ಬಗ್ಗೆ ಕರೋನರ್ ನಡೆಸುವ ಬಹಿರಂಗ ವಿಚಾರಣೆಯೂ ಆಗಲಿಲ್ಲ. ನೊಂದವರು ಮತ್ತೆ ಅದೆಲ್ಲವನ್ನೂ ಅನುಭವಿಸುವುದು ತಪ್ಪಿತು ಎಂದು ಬಹಳ ಜನ ನಿಟ್ಟುಸಿರು ಬಿಟ್ಟರು. ಅದು ಸಣ್ಣ ಕಾರಣವಲ್ಲ. ಆದರೆ ಮೂರು ದಶಕ ಕಳೆದರೂ ಅಲ್ಲಿ ಒಂದು ಗುಂಪು, ಅಷ್ಟು ಗುರಿಯಿಟ್ಟು ಹೊಡೆಯಲು ಅವನಿಂದ ಆಗುತ್ತಿತ್ತೇ, ಬಂದೂಕು ಕಾನೂನು ಬಿಗಿ ಮಾಡಲು ಸರ್ಕಾರವೇ ಮಾಡಿಸಿತೇ ಎಂದು ಕೇಳುತ್ತಲೇ ಇದೆ. ಆ ಪ್ರಶ್ನೆಗಳಲ್ಲಿ ಹುರುಳಿಲ್ಲ. ಬದುಕುಳಿದವರು ಅವನನ್ನು ಕಣ್ಣಾರೆ ಕಂಡಿದ್ದಾರೆ. ಆದರೆ "ಬಾ, ಪಾಟೀಸವಾಲಿನಲ್ಲಿ ಇದು ಹೀಗೆ ಬಿದ್ದುಹೋಯಿತು ನೋಡು" ಎಂದು ತೋರಿಸಲು ಅಲ್ಲಿ ಪುಟಗಳಿಲ್ಲ.

ಮುಂಬೈಯಲ್ಲಿ ಪುಟಗಳಿವೆ. ಜುಹು ಕತೆಯನ್ನೇ ತೆಗೆದುಕೊಳ್ಳಿ. ಅದರ ಎದುರಿಗೆ ನಿಲ್ಲುವುದು ಪೊಲೀಸರ ಮಾತಷ್ಟೇ ಆಗಿದ್ದರೆ ನನಗೂ ಅನುಮಾನ ಉಳಿಯುತ್ತಿತ್ತೇನೋ. ಆದರೆ ಆ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್ ಪಕ್ಕದ ಟೈಮ್ಸ್ ಆಫ್ ಇಂಡಿಯಾ ಕಟ್ಟಡದಿಂದ ಸೆಬಾಸ್ಟಿಯನ್ ಡಿಸೋಜಾ ಮತ್ತು ಶ್ರೀರಾಮ್ ವೆರ್ಣೇಕರ್ ಎಂಬ ಇಬ್ಬರು ಪತ್ರಿಕಾ ಛಾಯಾಗ್ರಾಹಕರು ಕ್ಯಾಮೆರಾ ಹಿಡಿದು ಹೊರಗೆ ಓಡಿದ್ದರು. ಬೆನ್ನಿಗೆ ಚೀಲ, ಕೈಯಲ್ಲಿ ಎಕೆ-47 ಹಿಡಿದ ಯುವಕನ ಚಿತ್ರ ತೆಗೆದವರು ಡಿಸೋಜಾ. ಪ್ರಾಣದ ಹಂಗು ತೊರೆದು ತೆಗೆದ ಈ ಚಿತ್ರಗಳನ್ನು ಸುಪ್ರೀಂ ಕೋರ್ಟ್ ಮೆಚ್ಚಿಕೊಂಡಿದೆ. ಅದೇ ತೀರ್ಪಿನಲ್ಲಿ, ಕಮಾಂಡೋಗಳ ಚಲನವಲನವನ್ನು ನೇರ ಪ್ರಸಾರ ಮಾಡಿದ ಟಿವಿ ವಾಹಿನಿಗಳನ್ನು ಅಷ್ಟೇ ಕಟುವಾಗಿ ಬೈದಿದೆ. ಫೋಟೋಗಳ ಜೊತೆ ಗುಂಡೇಟು ತಿಂದು ಬದುಕಿದವರ ಸಾಕ್ಷ್ಯವಿದೆ. ಅವರಲ್ಲಿ ಊರುಗೋಲು ಹಿಡಿದು ನ್ಯಾಯಾಲಯಕ್ಕೆ ಬಂದ ಬಾಲಕಿಯೂ ಇದ್ದಾಳೆ. ದಾಳಿಕೋರರು ಸಮುದ್ರದಲ್ಲಿ ವಶಪಡಿಸಿಕೊಂಡು ಬಿಟ್ಟುಹೋದ 'ಕುಬೇರ್' ಎಂಬ ಮೀನುಗಾರಿಕೆ ದೋಣಿಯಲ್ಲಿ ಸಿಕ್ಕ ಬಟ್ಟೆಬರೆಯ ಬೆವರಿನಿಂದ ತೆಗೆದ ಡಿಎನ್‌ಎ ಇದೆ. 20 ದಿನ ಲಾಕಪ್ಪಿನಲ್ಲಿದ್ದವನು ಇವೆಲ್ಲದರಲ್ಲಿ ಕಾಣಿಸಿಕೊಳ್ಳುವುದು ಸಾಧ್ಯವಿಲ್ಲ. ಕೈಯಲ್ಲಿ ಬರೀ ಲಾಠಿ ಇದ್ದ ತುಕಾರಾಂ ಓಂಬ್ಳೆ ಗಿರಗಾಂವ್ ಚೌಪಾಟಿಯಲ್ಲಿ ಗುಂಡು ತಿನ್ನುತ್ತಲೇ ಅವನನ್ನು ಬಿಗಿಯಾಗಿ ಹಿಡಿಯದೇ ಹೋಗಿದ್ದರೆ ಈ ವಿಚಾರಣೆಯೇ ಇರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಹತ್ತು ಜನರಲ್ಲಿ ಜೀವಂತ ಸಿಕ್ಕವನು ಅವನೊಬ್ಬನೇ.

ಹಾಗೆಂದು ಎದ್ದ ಅನುಮಾನಗಳೆಲ್ಲ ಒಂದೇ ತೂಕದವಲ್ಲ. ಮಹಾರಾಷ್ಟ್ರ ಎಟಿಎಸ್ ಮುಖ್ಯಸ್ಥ ಹೇಮಂತ್ ಕರ್ಕರೆ ಆಗ ಮಾಲೇಗಾಂವ್ ಸ್ಫೋಟದ ತನಿಖೆ ನಡೆಸುತ್ತಿದ್ದರು. ಕಾಮಾ ಆಸ್ಪತ್ರೆಯ ಬಳಿಯ ಗಲ್ಲಿಯಲ್ಲಿ ಅವರು, ಅಶೋಕ್ ಕಾಮ್ಟೆ ಮತ್ತು ವಿಜಯ್ ಸಾಲಸ್ಕರ್ ಒಂದೇ ವಾಹನದಲ್ಲಿ ಸತ್ತರು. ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಎ.ಆರ್. ಅಂತುಳೆ ಅವರೇ ಈ ಸಾವಿನ ಬಗ್ಗೆ ಅನುಮಾನ ಎತ್ತಿ ಗದ್ದಲವಾಯಿತು. ನಿವೃತ್ತ ಪೊಲೀಸ್ ಅಧಿಕಾರಿ ಎಸ್.ಎಂ. ಮುಶ್ರಿಫ್ ಒಂದು ಪುಸ್ತಕವನ್ನೇ ಬರೆದರು. ಆದರೆ ಅದೇ ವಾಹನದ ಹಿಂಬದಿಯಲ್ಲಿ ಗುಂಡು ತಿಂದು ಹೆಣಗಳ ನಡುವೆ ಉಸಿರು ಹಿಡಿದು ಬಿದ್ದಿದ್ದ ಕಾನ್‌ಸ್ಟೇಬಲ್ ಒಬ್ಬರು ಬದುಕಿ ಬಂದು ಸಾಕ್ಷಿ ಹೇಳಿದ್ದಾರೆ. ಹೊಡೆದವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಇದೇ ಗಲ್ಲಿಯ ಬಗ್ಗೆ ಇನ್ನೊಂದು ಬಗೆಯ ಪ್ರಶ್ನೆಗಳೂ ಎದ್ದವು, ಅವನ್ನು ಕೇಳಿದವರು ಹೆಂಡತಿಯರು. ವಿನಿತಾ ಕಾಮ್ಟೆ ಮಾಹಿತಿ ಹಕ್ಕಿನಡಿ ಕಂಟ್ರೋಲ್ ರೂಮಿನ ಕರೆಗಳ ದಾಖಲೆ ತೆಗೆಸಿ, ಕುಮ್ಮಕ್ಕು ಕೇಳಿದರೂ ಏಕೆ ಬರಲಿಲ್ಲ ಎಂದು ಕೇಳಿದರು. ಕವಿತಾ ಕರ್ಕರೆ ಗಂಡ ತೊಟ್ಟಿದ್ದ ಗುಂಡುನಿರೋಧಕ ಜಾಕೆಟ್ ಎಲ್ಲಿ ಹೋಯಿತು ಎಂದು ಕೇಳಿದರು. ಕೊಂದವರು ಯಾರು ಎಂಬ ಅನುಮಾನ ಇವರದ್ದಲ್ಲ. ತಮ್ಮವರನ್ನು ಉಳಿಸಬಹುದಿತ್ತೇ ಎಂದು ಕೇಳುತ್ತಿದ್ದರು. ನಮ್ಮ ಗಲಾಟೆಯಲ್ಲಿ ಈ ಎರಡೂ ಬಗೆಯ ಪ್ರಶ್ನೆಗಳು ಒಂದೇ ಚೀಲಕ್ಕೆ ಬಿದ್ದವು. ಕಾಗಕ್ಕ ಗುಬ್ಬಕ್ಕ ಕತೆ ಎಂದು ಮೊದಲನೆಯದನ್ನು ತಳ್ಳಿಹಾಕುವಾಗ ಎರಡನೆಯದೂ ಅದರ ಜೊತೆ ಹೋಯಿತು.

ಇನ್ನು ಎರಡನೇ ಹುಡುಗನ ಮಾತು. ಅದು ಅವನೊಬ್ಬನ ಮಾತಲ್ಲ. ದಾಳಿಯ ಬೆನ್ನಿಗೇ ಮುಂಬೈ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಕೋರ್ಟಿನ ವಕೀಲರ ಸಂಘ ಇವನ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಠರಾವು ಮಾಡಿತು. 2009ರ ಮಾರ್ಚ್ ಕೊನೆಯಲ್ಲಿ ನ್ಯಾಯಾಲಯ ಅಂಜಲಿ ವಾಘ್ಮಾರೆ ಅವರನ್ನು ನೇಮಿಸಿದ ರಾತ್ರಿಯೇ ಗುಂಪೊಂದು ಅವರ ಮನೆಯ ಬಳಿ ದಾಂಧಲೆ ಮಾಡಿತು. ಅವರು ಹೆದರಿ ಬಿಡಲಿಲ್ಲ. ಇದೇ ದಾಳಿಯ ಸಾಕ್ಷಿಯೊಬ್ಬರಿಗೂ ಅವರು ವಕೀಲೆಯಾಗಿದ್ದರೆಂಬ ಕಾರಣಕ್ಕೆ ಏಪ್ರಿಲ್ ಮಧ್ಯದಲ್ಲಿ ನ್ಯಾಯಾಲಯವೇ ಅವರನ್ನು ಕೈಬಿಟ್ಟಿತು. ಅವರ ಜಾಗಕ್ಕೆ ಬಂದ ಅಬ್ಬಾಸ್ ಕಾಜ್ಮಿ ಏಳು ತಿಂಗಳು ವಾದಿಸಿದರು. ಸಹಕರಿಸುತ್ತಿಲ್ಲವೆಂದು ನವೆಂಬರ್ 30ರಂದು ಅವರನ್ನೂ ತೆಗೆದುಹಾಕಲಾಯಿತು. ಆಮೇಲೆ ಕೆ.ಪಿ. ಪವಾರ್. ಒಂದು ಗಲ್ಲು ಶಿಕ್ಷೆಯ ಪ್ರಕರಣದಲ್ಲಿ ಒಂದೇ ವರ್ಷದಲ್ಲಿ ಮೂವರು ವಕೀಲರು. ಇದನ್ನು ನ್ಯಾಯಯುತ ವಿಚಾರಣೆಯ ಮಾದರಿ ಎಂದು ಹೊಗಳುವವರು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕು ಎಂದು ನನಗನ್ನಿಸುತ್ತದೆ.

ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಲಯವೇ ನೇಮಿಸಿದ ಹಿರಿಯ ವಕೀಲ ರಾಜು ರಾಮಚಂದ್ರನ್ ಹಿಡಿದದ್ದೂ ಇದೇ ಎಳೆಯನ್ನು. ಬಂಧನವಾದದ್ದು ನವೆಂಬರ್ 27ರ ನಸುಕಿನಲ್ಲಿ. ವಕೀಲರು ಸಿಕ್ಕಿದ್ದು ಮಾರ್ಚ್ ಕೊನೆಗೆ. ತಪ್ಪೊಪ್ಪಿಗೆ ಬರೆಸಿದ್ದು ನಡುವಿನ ಫೆಬ್ರುವರಿಯಲ್ಲಿ. ವಕೀಲರಿಲ್ಲದೆ ಪಡೆದ ಆ ಒಪ್ಪಿಗೆ ನಿಲ್ಲುವುದು ಹೇಗೆ? ಪೀಠ ಈ ವಾದವನ್ನು ತಳ್ಳಿಹಾಕಿತು, ಆದರೆ ಹಾರಿಸಿ ಹೋಗಲಿಲ್ಲ. ಅವನಿಗೆ ವಕೀಲರ ನೆರವು ಬೇಕೇ ಎಂದು ಕೇಳಲಾಗಿತ್ತು, ಭಾರತೀಯ ವಕೀಲರು ಬೇಡವೆಂದು ಪಾಕಿಸ್ತಾನದ ವಕೀಲರನ್ನು ಕೇಳಿದ್ದ, ಮ್ಯಾಜಿಸ್ಟ್ರೇಟರು ಯೋಚಿಸಲು ಸಮಯ ಕೊಟ್ಟಿದ್ದರು, ಒಪ್ಪಿಗೆ ಸ್ವಇಚ್ಛೆಯದ್ದು ಎಂದಿತು. ಜೊತೆಗೆ ಮುಂದಿನವರಿಗಾಗಿ ಒಂದು ನಿಯಮವನ್ನೂ ಬರೆದಿತು. ಬಂಧಿತನನ್ನು ಮೊದಲ ಸಲ ಮುಂದೆ ತಂದಾಗಲೇ ವಕೀಲರ ಹಕ್ಕಿನ ಬಗ್ಗೆ ಹೇಳುವುದು, ಬಡವನಾದರೆ ಸರ್ಕಾರದ ಖರ್ಚಿನಲ್ಲಿ ನೇಮಿಸುವುದು ಪ್ರತಿ ಮ್ಯಾಜಿಸ್ಟ್ರೇಟರ ಕರ್ತವ್ಯ. ತಪ್ಪಿದರೆ ಇಲಾಖಾ ಕ್ರಮ. ಇವತ್ತು ನಮ್ಮ ಜಿಲ್ಲಾ ಕೇಂದ್ರದಲ್ಲಿ ಮೊಬೈಲ್ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದ ಹುಡುಗನಿಗೆ ಮೊದಲ ದಿನವೇ ವಕೀಲರು ಸಿಕ್ಕರೆ, ಅದರ ಹಿಂದೆ ಈ ಮನುಷ್ಯನ ಮೊಕದ್ದಮೆ ಇದೆ. ಇದನ್ನು ಹೇಳಿದಾಗ ತರಗತಿ ಸ್ವಲ್ಪ ಹೊತ್ತು ಮೌನವಾಯಿತು.

ವಕೀಲರ ಸಂಘಗಳ ಠರಾವಿನ ಬಗ್ಗೆ ಸುಪ್ರೀಂ ಕೋರ್ಟ್ 2010ರ ಡಿಸೆಂಬರ್‌ನಲ್ಲೇ ತಮಿಳುನಾಡಿನ ಇನ್ನೊಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತ್ತು: ಇಂಥ ಠರಾವುಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಅವು ಅನೂರ್ಜಿತ. ನಾವು ಕೇಳಿಸಿಕೊಂಡೆವೇ? 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು ಬಿದ್ದಾಗ ಅಲ್ಲಿನ ವಕೀಲರ ಸಂಘ ಅದೇ ಠರಾವು ಮಾಡಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಬೇಕಾಯಿತು, ಕರ್ನಾಟಕ ಹೈಕೋರ್ಟ್ ಗದರಬೇಕಾಯಿತು. ಅಲ್ಲಿ ಇದ್ದದ್ದು ಒಂದು ವಿಡಿಯೊ, ಬಂದೂಕಲ್ಲ.

ಬಿರಿಯಾನಿಯ ಕತೆ ಹೇಳುತ್ತೇನೆಂದಿದ್ದೆ. ಜೈಲಿನಲ್ಲಿ ಕಸಬ್ ಬಿರಿಯಾನಿ ಕೇಳಿದ ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ನಮ್ಮೂರ ಬಸ್ ನಿಲ್ದಾಣದಲ್ಲೂ "ನಮ್ಮ ತೆರಿಗೆ ದುಡ್ಡಲ್ಲಿ ಅವನಿಗೆ ಬಿರಿಯಾನಿ" ಎಂದು ಜನ ಹಲ್ಲು ಕಡಿಯುತ್ತಿದ್ದರು. 2015ರಲ್ಲಿ ವಿಶೇಷ ಪ್ರಾಸಿಕ್ಯೂಟರ್ ಉಜ್ವಲ್ ನಿಕಂ ಜೈಪುರದ ಸಭೆಯೊಂದರಲ್ಲಿ ತಾವೇ ಹೇಳಿದರು: ಅವನು ಬಿರಿಯಾನಿ ಕೇಳಿರಲೇ ಇಲ್ಲ, ರಾಖಿ ಹಬ್ಬದ ದಿನ ಕಣ್ಣೀರು ಹಾಕಿದ ಎಂಬ ಸುದ್ದಿಯಿಂದ ಅನುಕಂಪ ಹುಟ್ಟುತ್ತಿತ್ತು, ಅದನ್ನು ಮುರಿಯಲು ತಾನು ಕಟ್ಟಿದ ಮಾತು ಅದು ಎಂದು. ಗೆಲ್ಲುವಷ್ಟು ಸಾಕ್ಷ್ಯ ಕೈಯಲ್ಲಿದ್ದ ಕಡೆಯವರೇ ಒಂದು ಸುಳ್ಳನ್ನು ಹೊರಗೆ ಬಿಟ್ಟರು. ಆಮೇಲೆ ಜನ ನಿಜವನ್ನೂ ಅನುಮಾನಿಸಿದರೆ ಅವರನ್ನಷ್ಟೇ ದೂರಿ ಏನು ಫಲ?

ಕೊನೆಯ ಅಂಕವೂ ಅನುಮಾನಕ್ಕೆ ಎಣ್ಣೆ ಹೊಯ್ದಿತು. 2012ರ ನವೆಂಬರ್ 5ರಂದು ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು. 21ರ ಬೆಳಗ್ಗೆ ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿ ಅಲ್ಲೇ ಹೂಳಲಾಯಿತು. ದೇಶಕ್ಕೆ ತಿಳಿದದ್ದು ಆದ ಮೇಲೆ. ಅಷ್ಟು ಬಹಿರಂಗವಾಗಿ ನಡೆದ ವಿಚಾರಣೆಗೆ ಅಷ್ಟು ಗುಟ್ಟಿನ ಮುಕ್ತಾಯ ಏಕೆ ಬೇಕಿತ್ತು ಎಂಬುದು ನನಗಂತೂ ಅರ್ಥವಾಗಿಲ್ಲ. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ, ಅರ್ಜಿ ತಿರಸ್ಕಾರವಾದದ್ದನ್ನು ಕೈದಿಗೆ ತಿಳಿಸಿದ ಮೇಲೆ ಕನಿಷ್ಠ 14 ದಿನ ಬಿಡಬೇಕು, ಕುಟುಂಬಕ್ಕೆ ಮುಂಚೆಯೇ ಹೇಳಬೇಕು ಎಂದು ನಿಯಮ ಮಾಡಿತು.

ಮುಂದಿನ ವಾರ ತರಗತಿಗೆ ಹೋಗುವಾಗ ಇದೆಲ್ಲವನ್ನೂ ಹೇಳಲು ಹೋಗಲಿಲ್ಲ. ಆ ಕಡತದಿಂದ ಒಂದೇ ಒಂದು ವಸ್ತುವಿನ ಕತೆ ತೆಗೆದುಕೊಂಡು ಹೋದೆ.

ಕಸಬ್ ಜೊತೆ ಇಬ್ಬರು ಭಾರತೀಯರೂ ಕಟಕಟೆಯಲ್ಲಿದ್ದರು. ದಾಳಿಯ ಜಾಗಗಳ ನಕ್ಷೆಗಳನ್ನು ಕೈಯಿಂದ ಬರೆದು, ಕಠ್ಮಂಡುವಿನಲ್ಲಿ ಒಬ್ಬ ಇನ್ನೊಬ್ಬನಿಗೆ ಕೊಟ್ಟ, ಅದು ಗಡಿಯಾಚೆ ಹೋಯಿತು ಎಂಬುದು ಆರೋಪ. ಕೊಟ್ಟದ್ದನ್ನು ಕಂಡೆ ಎನ್ನುವ ಒಬ್ಬ ಸಾಕ್ಷಿಯಿದ್ದ. ಅದಕ್ಕಿಂತ ದೊಡ್ಡ ಸಾಕ್ಷ್ಯ ಆ ನಕ್ಷೆಯೇ. ಗುಂಡೇಟಿಗೆ ಸತ್ತ ಅಬು ಇಸ್ಮಾಯಿಲ್‌ನ ಪ್ಯಾಂಟಿನ ಜೇಬಿನಲ್ಲಿ ಅದು ಸಿಕ್ಕಿತೆಂದು ಪೊಲೀಸರು ಹೇಳಿದರು. ನ್ಯಾಯಾಧೀಶ ತಹಲಿಯಾನಿ ಆ ಕಾಗದವನ್ನು ನೋಡಿದರು. ಸಮುದ್ರದಲ್ಲಿ ಬಂದು, ಓಡಿ, ಗುಂಡಿನ ಚಕಮಕಿಯಲ್ಲಿ ಸತ್ತವನ ಜೇಬಿನಲ್ಲಿದ್ದ ಕಾಗದ. ಬಟ್ಟೆ ರಕ್ತದಲ್ಲಿ ನೆನೆದಿತ್ತು, ನಕ್ಷೆಯ ಮೇಲೆ ಒಂದು ಹನಿಯಿಲ್ಲ. ಸುಕ್ಕಿಲ್ಲ. ಇದಕ್ಕಿಂತ ಒಳ್ಳೆಯ ನಕ್ಷೆ ಇಂಟರ್ನೆಟ್ಟಿನಲ್ಲೇ ಸಿಗುವಾಗ ಕೈಬರಹದ್ದು ಯಾರಿಗೆ ಬೇಕಿತ್ತು ಎಂದೂ ಅವರು ಕೇಳಿದರು. 2010ರ ಮೇ 3ರಂದು ಕಸಬ್ ತಪ್ಪಿತಸ್ಥನೆಂದು ಹೇಳಿದ ಅದೇ ದಿನ, ಅದೇ ಕೋಣೆಯಲ್ಲಿ, ಆ ಇಬ್ಬರನ್ನೂ ಈ ಪ್ರಕರಣದಿಂದ ಖುಲಾಸೆ ಮಾಡಿದರು. 166 ಜನ ಸತ್ತ ಪ್ರಕರಣ ಅದು. ಹೊರಗೆ ಪಟಾಕಿ ಹಿಡಿದು ಕಾಯುತ್ತಿದ್ದ ದೇಶ. ಒಂದು ಕಾಗದದಲ್ಲಿ ಮಡಿಕೆಯಿಲ್ಲ ಎಂಬುದನ್ನು ಗಮನಿಸಲು ಯಾರಿಗೆ ಪುರುಸೊತ್ತಿತ್ತು? ಸರ್ಕಾರ ಮೇಲ್ಮನವಿ ಹೋಯಿತು. ಬಾಂಬೆ ಹೈಕೋರ್ಟ್ 2011ರಲ್ಲಿ, ಸುಪ್ರೀಂ ಕೋರ್ಟ್ 2012ರಲ್ಲಿ ಖುಲಾಸೆಯನ್ನೇ ಎತ್ತಿಹಿಡಿದವು.

ಅವರಲ್ಲೊಬ್ಬ ಬೇರೊಂದು ಪ್ರಕರಣದಲ್ಲಿ ಶಿಕ್ಷೆ ಮುಗಿಸಿ ಹೊರಬಂದಿದ್ದಾನೆ. ಆಟೋ ಓಡಿಸಿ ಬದುಕಲು ಪೊಲೀಸರ ಪ್ರಮಾಣಪತ್ರ ಸಿಗಲಿಲ್ಲವೆಂದು 2025ರಲ್ಲಿ ಹೈಕೋರ್ಟಿಗೆ ಹೋಗಿದ್ದು ಸುದ್ದಿಯಾಗಿತ್ತು.

"ನಿನ್ನ ಮಾತಿನಂತೆ ಎಲ್ಲ ಮೊದಲೇ ಬರೆದಿಟ್ಟ ನಾಟಕವಾಗಿದ್ದರೆ ಈ ಇಬ್ಬರು ಬಿಡುಗಡೆ ಆಗುತ್ತಿದ್ದರೇನೋ?" ಎಂದು ಮೊದಲನೆಯವನನ್ನು ಕೇಳಿದೆ. "ಅಲ್ಲೇ ಗುಂಡಿಟ್ಟು ಮುಗಿಸಿದ್ದರೆ ಇವರ ಕತೆ ಏನಾಗುತ್ತಿತ್ತು?" ಎಂದು ಎರಡನೆಯವನನ್ನು. ಎರಡನೆಯವನು ತಲೆ ಕೆರೆದುಕೊಂಡ. ಮೊದಲನೆಯವನು ಮಾತ್ರ ಬಿಡಲಿಲ್ಲ.

"ಸರಿ ಮೇಡಂ. ಹಾಗಾದ್ರೆ ಆ ನಕ್ಷೆ ಅವನ ಜೇಬಿಗೆ ಬಂದದ್ದು ಹೇಗೆ?"

ಒಳ್ಳೆಯ ಪ್ರಶ್ನೆ ಎಂದೆ. ನಾನು ಓದಿದ ಪುಟಗಳಲ್ಲಿ ಅದಕ್ಕೆ ಉತ್ತರವಿಲ್ಲ.